ಮೂಲತಾಯಿಯ ಲೆಕ್ಕ

ಹುಡುಗಿ: ದೊಡ್ಡಪ್ಪ, ನಮ್ಮನೆ ಗೋಲ್ಡನ್ ರಿಟ್ರೀವರ್‌ಗೆ ಎರಡು ವರ್ಷ ತುಂಬಿತಲ್ಲ, ಅದರ ಪೇಪರ್ ನೋಡಿದ ಬ್ರೀಡರ್ ಒಬ್ಬರು ಬೆನ್ನು ಬಿಡ್ತಾ ಇಲ್ಲ. ಇದರ ಮುತ್ತಜ್ಜಿ ಹೊರದೇಶದಿಂದ ಬಂದ ಫೌಂಡೇಶನ್ ಫೀಮೇಲ್, ಅಂದರೆ ವಂಶದ ಮೂಲತಾಯಿ ಅಂತೆ. ಅಂಥ ರಕ್ತ ವ್ಯರ್ಥವಾಗಬಾರದು, ಒಂದು ಸೂಲಾದರೂ ಮರಿ ತೆಗೆಸಿ ಅಂತಾರೆ.

ದೊಡ್ಡಪ್ಪ: ಆ ಮುತ್ತಜ್ಜಿಯ ಸೊಂಟದ ಎಕ್ಸ್‌ರೇ ತೋರಿಸಿದರಾ?

ಹುಡುಗಿ: ಕಪ್ ಗೆದ್ದ ಫೋಟೊ ತೋರಿಸಿದರು. ಎಕ್ಸ್‌ರೇ ಮಾತೇ ಬರಲಿಲ್ಲ. ಅದಿರಲಿ, ಒಂದು ಹೆಣ್ಣುನಾಯಿ ಇಡೀ ವಂಶವನ್ನೇ ತಿದ್ದಿಬಿಡುತ್ತೆ ಅನ್ನೋದು ನಿಜವಾ? ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ನಮ್ಮಲ್ಲೂ ಹೇಳ್ತಾರಲ್ಲ.

ದೊಡ್ಡಪ್ಪ: ಹೇಳ್ತಾರೆ. ಆದರೆ ಸೀರೆಗೆ ಹಾಸು ಎಷ್ಟು ಬೇಕೋ ಹೊಕ್ಕೂ ಅಷ್ಟೇ ಬೇಕು. ನಾಯಿಮರಿಗೆ 39 ಜೊತೆ ವರ್ಣತಂತುಗಳಿರುತ್ತವೆ. ಪ್ರತಿ ಜೊತೆಯಲ್ಲೂ ಒಂದು ತಾಯಿಯದು, ಒಂದು ತಂದೆಯದು. ಅಲ್ಲಿಗೆ ಗಾದೆ ಅರ್ಧಕ್ಕೆ ಇಳಿಯಿತು. ಹಾಗಂತ ಆ ಬ್ರೀಡರ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ನಿನ್ನ ನಾಯಿಯ ಜಾತಿಯ ಮೂಲಕ್ಕೇ ಹೋಗೋಣ. ಅಲ್ಲಿ ಒಬ್ಬಳು ಮೂಲತಾಯಿ ಇದ್ದಾಳೆ, ಅವಳ ಲೆಕ್ಕವನ್ನು ಬರೆದಿಟ್ಟವನೂ ಇದ್ದಾನೆ.

ಹುಡುಗಿ: ಎಲ್ಲಿ?

ದೊಡ್ಡಪ್ಪ: ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ. ಅಲ್ಲಿ ಗೂಶಗನ್ ಅಂತ ಒಂದು ಎಸ್ಟೇಟ್. 19ನೇ ಶತಮಾನದ ಮಧ್ಯದಲ್ಲಿ ಅದನ್ನು ಕೊಂಡವನು ಡಡ್ಲಿ ಮಾರ್ಚ್‌ಬ್ಯಾಂಕ್ಸ್. ಪಾರ್ಲಿಮೆಂಟ್ ಸದಸ್ಯ, 1881ರಲ್ಲಿ ಲಾರ್ಡ್ ಟ್ವೀಡ್‌ಮೌತ್ ಆದ. ಆ ಕಾಲದ ಸಿರಿವಂತರಿಗೆ ಹಕ್ಕಿ ಬೇಟೆಯ ಹುಚ್ಚು. ಬಂದೂಕುಗಳು ಸುಧಾರಿಸಿದ ಹಾಗೆ ಹಕ್ಕಿ ದೂರ ದೂರ ಬೀಳತೊಡಗಿತು, ಕೆರೆಗೋ ಪೊದೆಗೋ. ಅದನ್ನು ಹುಡುಕಿ, ಹಲ್ಲೂರದೆ ಕಚ್ಚಿ ತರುವ ನಾಯಿ ಬೇಕಾಯಿತು. 1865ರಲ್ಲಿ ಬ್ರೈಟನ್‌ನಲ್ಲಿ ಅವನು ಒಂದು ಹಳದಿ ಗಂಡುನಾಯಿ ಕೊಂಡ. ಅಲೆಅಲೆ ಕೂದಲಿನ ರಿಟ್ರೀವರ್, ಹೆಸರು ನೂಸ್. ಆ ಜಾತಿಯಲ್ಲಿ ಎಲ್ಲರಿಗೂ ಕಪ್ಪೇ ಬೇಕಿದ್ದ ಕಾಲದಲ್ಲಿ ಇವನು ಹಳದಿಯನ್ನು ಆರಿಸಿದ. ಅದಕ್ಕೆ ಜೋಡಿಯಾಗಿ ಸಿಕ್ಕವಳು ಬೆಲ್. ಟ್ವೀಡ್ ನದಿಯ ದಡದ ಲೇಡಿಕರ್ಕ್‌ನಿಂದ ಬಂದವಳು, ಟ್ವೀಡ್ ವಾಟರ್ ಸ್ಪ್ಯಾನಿಯಲ್ ಅನ್ನೋ ಜಾತಿ. ನೀರಿಗಿಳಿಯೋಕೆ ಹಿಂದೆಮುಂದೆ ನೋಡದ ನಾಯಿ. 1868ರಲ್ಲಿ ಬೆಲ್ ನಾಲ್ಕು ಹಳದಿ ಮರಿ ಹಾಕಿದಳು. ಕ್ರೋಕಸ್, ಪ್ರಿಮ್‌ರೋಸ್, ಕೌಸ್ಲಿಪ್, ಏಡಾ. ಮೊದಲ ಮೂರೂ ಹೂವಿನ ಹೆಸರು.

ಹುಡುಗಿ: ಹಾಗಾದರೆ ನೂಸ್‌ಗೂ ಬೆಲ್‌ಗೂ ಸಮಪಾಲು. ಅವಳನ್ನು ಮಾತ್ರ ಮೂಲತಾಯಿ ಅಂತ ಯಾಕೆ ಎತ್ತಿ ಹೇಳ್ತೀರಿ?

ದೊಡ್ಡಪ್ಪ: ಮುಂದಿನದ್ದು ಕೇಳು, ನಿನಗೇ ಗೊತ್ತಾಗುತ್ತೆ. ಗಂಡುಮರಿ ಕ್ರೋಕಸ್ ಮಾರ್ಚ್‌ಬ್ಯಾಂಕ್ಸ್‌ನ ಮಗನ ಪಾಲಿಗೆ ಹೋಯಿತು. ಏಡಾಳನ್ನು ತನ್ನ ಸೋದರಳಿಯ ಇಲ್ಚೆಸ್ಟರ್ ಅರ್ಲ್‌ಗೆ ಕೊಟ್ಟ. ಕೌಸ್ಲಿಪ್‌ಳನ್ನು ಮನೆಯಲ್ಲೇ ಇಟ್ಟುಕೊಂಡ. 1873ರಲ್ಲಿ ಅವಳಿಗೆ ಟ್ವೀಡ್ ಅನ್ನೋ ಇನ್ನೊಂದು ವಾಟರ್ ಸ್ಪ್ಯಾನಿಯಲ್ ಕೂಡಿಸಿ ಟಾಪ್ಸಿ ಅನ್ನೋ ಮಗಳನ್ನು ಉಳಿಸಿಕೊಂಡ. 1877ರಲ್ಲಿ ಟಾಪ್ಸಿಗೆ ಸ್ಯಾಂಬೊ ಅನ್ನೋ ಕಪ್ಪು ರಿಟ್ರೀವರ್ ಕೂಡಿಸಿ ಜೋಯಿ ಅನ್ನೋ ಮೊಮ್ಮಗಳನ್ನು ಉಳಿಸಿಕೊಂಡ. ಈ ಸಾಲಿನಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ?

ಹುಡುಗಿ: ಗಂಡುಗಳು ಪ್ರತಿಸಲವೂ ಬೇರೆ. ಹೆಣ್ಣಿನ ಸಾಲು ಮಾತ್ರ ಒಂದೇ ಮನೆಯಲ್ಲಿ. ಬೆಲ್, ಕೌಸ್ಲಿಪ್, ಟಾಪ್ಸಿ, ಜೋಯಿ.

ದೊಡ್ಡಪ್ಪ: ಅಷ್ಟೇ ವಿಷಯ. ಬೆಲ್‌ಳ ಪ್ರಭಾವ ಅಂದರೆ ಅವಳ ರಕ್ತದಲ್ಲಿ ಏನೋ ಮಾಯೆ ಇತ್ತು ಅಂತಲ್ಲ. ಅವಳ ಮಗಳನ್ನು, ಮಗಳ ಮಗಳನ್ನು ಒಬ್ಬ ಬಿಡದೆ ಆರಿಸಿದ, ಉಳಿಸಿಕೊಂಡ. ಇದರ ಹಿಂದೆ ಸಾಮಾನ್ಯ ವ್ಯವಹಾರವೂ ಇದೆ. ಗಂಡನ್ನು ಸಾಕಬೇಕಿಲ್ಲ. ಊರಲ್ಲಿ ಒಳ್ಳೆಯದು ಎಲ್ಲಿದೆಯೋ ಅಲ್ಲಿಗೆ ಹೆಣ್ಣನ್ನು ಕರೆದುಕೊಂಡು ಹೋದರಾಯಿತು. ಇವತ್ತೂ ಸ್ಟಡ್‌ಗೆ ದುಡ್ಡು ಕೊಡ್ತಾರೆ, ಇಲ್ಲ ಹುಟ್ಟಿದ ಮರಿಗಳಲ್ಲಿ ಒಂದನ್ನು ಕೊಡ್ತಾರೆ, ಅಲ್ಲಿಗೆ ಮುಗಿಯಿತು. ಹೆಣ್ಣು ಹಾಗಲ್ಲ. ಅವಳು ಗಬ್ಬ ಕಟ್ಟೋದು, ಮರಿ ಹಾಕೋದು, ಹಾಲೂಡಿಸೋದು ಎಲ್ಲ ನಿನ್ನ ಮನೆಯಲ್ಲೇ. ಅದಕ್ಕೇ ಒಂದು ಮನೆತನದ ನಾಯಿಗಳ ಗುಣ ನಿಲ್ಲೋದು ಅದರ ಹೆಣ್ಣುಗಳ ಮೇಲೆ. ಒಳ್ಳೆಯ ಬ್ರೀಡರ್‌ಗಳು ಇರುವ ದುಡ್ಡನ್ನೆಲ್ಲ ಹೆಣ್ಣಿನ ಮೇಲೆ ಹಾಕು, ಗಂಡನ್ನು ಹುಡುಕಿಕೊಂಡು ಹೋಗು ಅಂತ ಹೇಳೋದು ಇದಕ್ಕೇ.

ಹುಡುಗಿ: ನಾನು ಆಡಿಟ್ ಆಫೀಸಿನವಳು, ನನಗೊಂದು ಲೆಕ್ಕ ತೊಡಕಾಗ್ತಿದೆ. ಮಗಳಲ್ಲಿ ತಾಯಿಯ ಪಾಲು 50 ಪರ್ಸೆಂಟ್, ಮೊಮ್ಮಗಳಲ್ಲಿ 25, ಮರಿಮೊಮ್ಮಗಳಲ್ಲಿ 12.5. ಹತ್ತು ತಲೆಮಾರಾದರೆ ಸಾವಿರದಲ್ಲಿ ಒಂದು ಪಾಲೂ ಉಳಿಯಲ್ಲ. ಬೆಲ್ ಇದ್ದದ್ದು 150 ವರ್ಷಗಳ ಹಿಂದೆ. ನಮ್ಮ ನಾಯಿಯಲ್ಲಿ ಅವಳದ್ದು ಏನು ಉಳಿದಿರಬಹುದು?

ದೊಡ್ಡಪ್ಪ: ವಂಶಾವಳಿಯಲ್ಲಿ ಅವಳ ಹೆಸರು ಒಂದೇ ಸಲ ಬಂದಿದ್ದರೆ ನಿನ್ನ ಲೆಕ್ಕ ಸರಿ. ಆದರೆ ಅಲ್ಲಿ ಹಾಗಾಗಲಿಲ್ಲ. ಕೌಸ್ಲಿಪ್‌ಗೆ ಒಂದು ಕೆಂಪು ಸೆಟರ್‌ನಿಂದ ಜ್ಯಾಕ್ ಅನ್ನೋ ಮಗನೂ ಇದ್ದ. 1884ರಲ್ಲಿ ಆ ಜ್ಯಾಕ್‌ನನ್ನು ಜೋಯಿಗೇ ಕೂಡಿಸಿದರು. ಆ ಸೂಲಿನ ಮರಿಗಳಲ್ಲಿ ಕೌಸ್ಲಿಪ್‌ಳ ಪಾಲು ಎಷ್ಟು, ಹೇಳು.

ಹುಡುಗಿ: ಜ್ಯಾಕ್ ಅವಳ ಮಗ. ಅವನ ಕಡೆಯಿಂದ ಮರಿಗೆ ಕಾಲು ಭಾಗ. ಜೋಯಿ ಅವಳ ಮೊಮ್ಮಗಳು. ಆ ಕಡೆಯಿಂದ ಎಂಟನೇ ಒಂದು. ಎರಡೂ ಸೇರಿದರೆ ಎಂಟರಲ್ಲಿ ಮೂರು ಪಾಲು, 37.5 ಪರ್ಸೆಂಟ್. ಅಂದರೆ ಅವಳಿಂದ ದೂರ ಹೋಗ್ತಾ ಇದ್ದವರು ತಿರುಗಿ ಹತ್ತಿರ ಬಂದುಬಿಟ್ಟರು!

ದೊಡ್ಡಪ್ಪ: ಇದನ್ನೇ ಲೈನ್ ಬ್ರೀಡಿಂಗ್ ಅಂತಾರೆ. ಆ ಸೂಲಿನಲ್ಲಿ ಹುಟ್ಟಿದ ಗಂಡಿಗೆ ಮೊದಲಿನವನ ಹೆಸರನ್ನೇ ಇಟ್ಟರು, ಎರಡನೇ ನೂಸ್. 1889ರಲ್ಲಿ ಅವನಿಗೆ ಕ್ವೀನಿ ಅನ್ನೋ ಹೆಣ್ಣನ್ನು ಕೂಡಿಸಿದರು. ಅವಳಿಗೂ ಕೌಸ್ಲಿಪ್‌ಳ ಸಂಬಂಧವೇ. ಹುಟ್ಟಿದವು ಪ್ರಿಮ್ ಮತ್ತು ರೋಸ್, ಟ್ವೀಡ್‌ಮೌತ್ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದ ಕೊನೆಯ ಹಳದಿ ಮರಿಗಳು. ಹೊರಗಿನಿಂದ ಸೆಟರ್, ಸ್ಪ್ಯಾನಿಯಲ್, ಕಪ್ಪು ರಿಟ್ರೀವರ್ ಏನೇ ತಂದರೂ ತಿರುಗಿ ಆ ಹೆಣ್ಣಿನ ಸಾಲಿಗೇ ಕೂಡಿಸಿದ. ಮುಂದೆ ಈ ನಾಯಿಗಳು ಬೇರೆ ಬೇರೆ ಮನೆಗಳಿಗೆ ಹೋದವು. 1908ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನಕ್ಕೆ ಲಾರ್ಡ್ ಹಾರ್ಕೋರ್ಟ್ ತನ್ನವನ್ನು ತಂದ, 1911ರಲ್ಲಿ ಕ್ಲಬ್ ಆಯಿತು, 1913ರಲ್ಲಿ ಪ್ರತ್ಯೇಕ ಜಾತಿ ಅಂತ ಮನ್ನಣೆ ಸಿಕ್ಕಿತು. ಹೀಗೆ ನಿನ್ನ ನಾಯಿಯ ಪೇಪರಿನಲ್ಲಿ ಬೆಲ್ ಹೆಸರು ಕಾಣದೇ ಇರಬಹುದು, ಆದರೆ ವಂಶಾವಳಿಯನ್ನು ಹಿಂದಕ್ಕೆ ಬಿಡಿಸ್ತಾ ಹೋದರೆ ಸಾವಿರಾರು ಎಳೆಗಳು ಹೋಗಿ ಸೇರೋದು ಆ ಒಂದೇ ಅಂಗಳಕ್ಕೆ.

ಹುಡುಗಿ: ಇಷ್ಟೆಲ್ಲ ಆಗಿದ್ದಕ್ಕೆ ಪುರಾವೆ? ರಷ್ಯಾದ ಸರ್ಕಸ್ ನಾಯಿಗಳಿಂದ ಗೋಲ್ಡನ್ ಹುಟ್ಟಿತು ಅಂತ ಎಲ್ಲೋ ಓದಿದ ನೆನಪು.

ದೊಡ್ಡಪ್ಪ: ಆ ಕಥೆ ಹಲವು ದಶಕ ಚೆನ್ನಾಗೇ ಓಡಿತು. ಬ್ರೈಟನ್‌ಗೆ ಬಂದಿದ್ದ ಸರ್ಕಸ್‌ನಲ್ಲಿ ರಷ್ಯಾದ ನಾಯಿಗಳನ್ನು ನೋಡಿ ಮೆಚ್ಚಿ, ಇಡೀ ತಂಡವನ್ನೇ ಕೊಂಡ ಅಂತ. ಜನ ನಂಬಿದರು, ಪುಸ್ತಕಗಳಲ್ಲೂ ಅಚ್ಚಾಯಿತು. ನಿಜವಾದ ದಾಖಲೆ ಮನೆತನದ ಹತ್ತಿರ ಸುಮ್ಮನೆ ಕೂತಿತ್ತು. ಟ್ವೀಡ್‌ಮೌತ್ ಕೈಯಾರೆ ಬರೆದ ನಾಯಿಗಳ ಲೆಕ್ಕದ ಪುಸ್ತಕ, 1890ರವರೆಗಿನದು. ಯಾವ ಹೆಣ್ಣಿಗೆ ಯಾವ ಗಂಡು, ಯಾವ ವರ್ಷ, ಮರಿ ಯಾರಿಗೆ ಕೊಟ್ಟದ್ದು, ಎಲ್ಲ. 1952ರಲ್ಲಿ ಆರನೇ ಇಲ್ಚೆಸ್ಟರ್ ಅರ್ಲ್ ಅದರ ವಿವರಗಳನ್ನು ಕಂಟ್ರಿ ಲೈಫ್ ಪತ್ರಿಕೆಯಲ್ಲಿ ಬರೆದ. ಎಲ್ಮಾ ಸ್ಟೋನೆಕ್ಸ್ ಅನ್ನೋ ಗೋಲ್ಡನ್ ಬ್ರೀಡರ್ ಕೂತು ಒಂದೊಂದೇ ಎಳೆ ಬಿಡಿಸಿದಳು. ಸರ್ಕಸ್ ಕಥೆ ಅಲ್ಲಿಗೆ ಬಿದ್ದುಹೋಯಿತು.

ಹುಡುಗಿ: ಪುಸ್ತಕ ಇರದಿದ್ದರೆ ಬೆಲ್ ಅನ್ನೋ ಮೂಲತಾಯಿಯೇ ಇರ್ತಿರಲಿಲ್ಲ.

ದೊಡ್ಡಪ್ಪ: ನಾಯಿ ಇರ್ತಿತ್ತು, ಅದರ ಮಕ್ಕಳೂ ಇರ್ತಿದ್ದರು. ಹೆಸರು ಮಾತ್ರ ಇರ್ತಿರಲಿಲ್ಲ. ಇನ್ನೊಂದು ವಿಚಿತ್ರ ನೋಡು. ಬೆಲ್‌ಳ ಸ್ವಂತ ಜಾತಿ, ಆ ಟ್ವೀಡ್ ವಾಟರ್ ಸ್ಪ್ಯಾನಿಯಲ್, 19ನೇ ಶತಮಾನ ಮುಗಿಯೋ ಹೊತ್ತಿಗೆ ಇಲ್ಲವಾಯಿತು. ಅದನ್ನು ಯಾರೂ ಹಾಗೆ ಸಾಲುಗಟ್ಟಿ ಉಳಿಸಲಿಲ್ಲ. ಅದರ ರಕ್ತ ಇವತ್ತು ಇರೋದು ಮಿಶ್ರವಾಗಿ ಇಂಥ ಬೇರೆ ಜಾತಿಗಳ ಒಳಗೆ. ಶುದ್ಧ ತಳಿ ಅಂತ ನಾವು ಎದೆಯುಬ್ಬಿಸಿ ಹೇಳುವ ಗೋಲ್ಡನ್‌ನ ಮೊದಲ ತಾಯಿ ತಂದೆ ಒಂದೇ ಜಾತಿಯವರಲ್ಲ.

ಹುಡುಗಿ: ಸರಿ, ಆರಿಸಿದ್ದು, ಬರೆದಿಟ್ಟದ್ದು ಮನುಷ್ಯರ ಕೆಲಸ. ನಾಯಿಯ ದೇಹದಲ್ಲಿ ತಾಯಿಗೆ ಅಂತಲೇ ಮೀಸಲಾದ ಏನೂ ಇಲ್ಲವಾ?

ದೊಡ್ಡಪ್ಪ: ಇದೆ. ಜೀವಕೋಶದ ನ್ಯೂಕ್ಲಿಯಸ್‌ನ ಹೊರಗೆ ಮೈಟೊಕಾಂಡ್ರಿಯ ಅಂತ ಇರುತ್ತವಲ್ಲ, ಶಕ್ತಿ ತಯಾರಿಸುವ ಘಟಕಗಳು, ಅವಕ್ಕೆ ತಮ್ಮದೇ ಪುಟ್ಟ ಡಿಎನ್ಎ ಇದೆ. ಅದು ತಾಯಿಯ ಅಂಡದಿಂದಲೇ ಬರುತ್ತೆ, ತಂದೆಯಿಂದ ಬರಲ್ಲ. ಬೇರೆ ಎಲ್ಲ ಪಾಲೂ ತಲೆಮಾರಿಗೆ ಅರ್ಧ ಅರ್ಧ ಆಗ್ತಾ ಹೋದರೆ, ಇದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೆಚ್ಚುಕಡಿಮೆ ಇದ್ದ ಹಾಗೇ ದಾಟುತ್ತೆ. ಗಂಡುಮರಿಗೂ ಸಿಗುತ್ತೆ, ಆದರೆ ಅವನು ಮುಂದಕ್ಕೆ ಕೊಡಲಾರ.

ಹುಡುಗಿ: ಹಾಗಿದ್ದರೆ ಅದೊಂದು ವಿಷಯದಲ್ಲಿ ಮೂಲತಾಯಿ ಕರಗೋದೇ ಇಲ್ಲ. ಬ್ರೀಡರ್ ಹೇಳಿದ್ದು ಗೆದ್ದಿತಲ್ಲ!

ದೊಡ್ಡಪ್ಪ: ಅವಸರ ಮಾಡಬೇಡ. ಕರಗದೇ ಇರೋದು ವರವೂ ಆಗಬಹುದು, ಶಾಪವೂ ಆಗಬಹುದು. ಅದನ್ನು ಕಂಡುಕೊಂಡದ್ದೂ ಗೋಲ್ಡನ್‌ಗಳಲ್ಲೇ. ಸ್ವೀಡನ್‌ನಲ್ಲಿ ಕೆಲವು ಗೋಲ್ಡನ್ ಮರಿಗಳು ಕೆಲವೇ ತಿಂಗಳ ವಯಸ್ಸಿಗೆ ನಡಿಗೆ ತಪ್ಪತೊಡಗಿದವು. ಹೆಜ್ಜೆ ತೂರಾಡೋದು, ಕಾಲು ಎಲ್ಲಿದೆ ಅನ್ನೋ ಅರಿವೇ ಇಲ್ಲದ ಹಾಗೆ ಪಾದ ಮಡಿಚಿ ನಿಲ್ಲೋದು. ಸ್ಪರ್ಶ, ಸ್ಥಾನಗಳ ಅರಿವು ಒಯ್ಯುವ ನರಗಳೇ ಹಾಳಾಗುವ ರೋಗ. ವಂಶಾವಳಿ ಹರಡಿ ನೋಡಿದರೆ ರೋಗ ಬಂದ ಪ್ರತಿ ನಾಯಿಯೂ ಒಂದೇ ಹೆಣ್ಣಿನ ಸಾಲಿಗೆ ಸೇರಿದ್ದು. 2009ರಲ್ಲಿ ಸಂಶೋಧಕರು ಪ್ರಕಟಿಸಿದರು. ಮೈಟೊಕಾಂಡ್ರಿಯದ ಡಿಎನ್ಎಯಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ, ಅದು 1970ರ ದಶಕದಲ್ಲಿ ಬದುಕಿದ್ದ, ಈ ಎಲ್ಲದಕ್ಕೂ ಮೂಲವಾದ ಒಂದು ಹೆಣ್ಣುನಾಯಿಯವರೆಗೆ ಹೋಗಿ ನಿಲ್ಲುತ್ತೆ ಅಂತ.

ಹುಡುಗಿ: ಅವಳೂ ಒಬ್ಬ ಮೂಲತಾಯಿಯೇ.

ದೊಡ್ಡಪ್ಪ: ಅಲ್ಲವೇ ಮತ್ತೆ? ಯಾರಿಗೋ ಇಷ್ಟವಾಗಿ ಅವಳ ಮಗಳನ್ನು ಉಳಿಸಿಕೊಂಡಿರಬೇಕು, ಇನ್ಯಾರೋ ಮೊಮ್ಮಗಳನ್ನು. ಒಳ್ಳೆಯದು ಹರಿದ ಕಾಲುವೆಯಲ್ಲೇ ಕೆಟ್ಟದ್ದೂ ಹರಿಯಿತು. ಆ ಅಕ್ಷರ ಬಿಟ್ಟುಹೋದ ಡಿಎನ್ಎ ಒಂದು ನಾಯಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರೋದರಿಂದ ಕೆಲವು ಹೆಣ್ಣುಗಳು ಆರೋಗ್ಯವಾಗೇ ಕಾಣ್ತಾವೆ, ಮರಿಗಳಿಗೆ ದಾಟಿಸ್ತಾವೆ. ಕಪ್ ಗೆದ್ದ ಫೋಟೊದಲ್ಲಿ ಇದು ಕಾಣಲ್ಲ.

ಹುಡುಗಿ: ಆದರೂ ದೊಡ್ಡಪ್ಪ, ಒಟ್ಟು ಪ್ರಭಾವ ಅಂತ ತೂಗಿದರೆ ಗಂಡಿನದೇ ಹೆಚ್ಚಲ್ಲವಾ? ಹೆಣ್ಣು ಎಷ್ಟು ಮರಿ ಹಾಕೀತು?

ದೊಡ್ಡಪ್ಪ: ಸರಿಯಾದ ಪ್ರಶ್ನೆ. ಹೆಣ್ಣು ಬೆದೆಗೆ ಬರೋದು ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ, ಗಬ್ಬ ಸುಮಾರು 63 ದಿನ, ಗೋಲ್ಡನ್ ಆದರೆ ಸೂಲಿಗೆ ಎಂಟರ ಆಸುಪಾಸು ಮರಿ. ಇಂಗ್ಲೆಂಡಿನ ಕೆನೆಲ್ ಕ್ಲಬ್ 2012ರಿಂದ ಒಂದು ಹೆಣ್ಣಿನ ನಾಲ್ಕು ಸೂಲಿಗಿಂತ ಹೆಚ್ಚು ನೋಂದಾಯಿಸಲ್ಲ. ನಮ್ಮಲ್ಲಿ 2017ರ ಕೇಂದ್ರದ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವ ಹಾಗಿಲ್ಲ, ಜೀವಮಾನದಲ್ಲಿ ಐದು ಸೂಲು ಮೀರುವ ಹಾಗಿಲ್ಲ. ಎಷ್ಟು ಎಳೆದರೂ ಮೂವತ್ತು ನಲವತ್ತು ಮರಿ. ಹೆಸರು ಮಾಡಿದ ಗಂಡಿಗೆ ಆ ಮಿತಿಯೇ ಇಲ್ಲ, ನೂರಾರು ಮರಿಗಳಿಗೆ ತಂದೆಯಾಗ್ತಾನೆ. ವೀರ್ಯವನ್ನು ಹೆಪ್ಪುಗಟ್ಟಿಸಿ ಇಟ್ಟರೆ ಸತ್ತ ಮೇಲೂ ಆಗ್ತಾನೆ. ಒಂದು ಜಾತಿ ಬೇಗ ಕೆಡೋದು ಹೆಚ್ಚಾಗಿ ಇಂಥ ಜನಪ್ರಿಯ ಗಂಡಿನಿಂದ. ಅವನು ಹೊತ್ತ ದೋಷ ಒಂದೇ ತಲೆಮಾರಿನಲ್ಲಿ ದೇಶವೆಲ್ಲ ಹರಡುತ್ತೆ. ಹೆಣ್ಣಿನ ಪ್ರಭಾವ ನಿಧಾನ. ಮಗಳಿಂದ ಮಗಳಿಗೆ ಹೋಗಬೇಕು, ಇಲ್ಲ ಅವಳ ಮಗನೊಬ್ಬ ಹೆಸರು ಮಾಡಿ ಅವಳನ್ನು ಹರಡಬೇಕು.

ಹುಡುಗಿ: ಮತ್ತೆ ಅನುಭವಸ್ಥರೆಲ್ಲ ಮರಿ ನೋಡೋಕೆ ಹೋದಾಗ ತಾಯಿಯನ್ನು ನೋಡು ಅಂತಾರಲ್ಲ, ತಂದೆಯನ್ನು ನೋಡು ಅನ್ನಲ್ಲ.

ದೊಡ್ಡಪ್ಪ: ಒಂದು ಕಾರಣ, ತಾಯಿ ಅಲ್ಲೇ ಇರ್ತಾಳೆ, ತಂದೆ ಬೇರೆ ಊರಲ್ಲಿರ್ತಾನೆ! ಆದರೆ ಅದಕ್ಕಿಂತ ದೊಡ್ಡ ಕಾರಣ ಮರಿ ಹಾಕುವ ಪೆಟ್ಟಿಗೆಯಲ್ಲಿದೆ. ಸ್ವೀಡನ್‌ನ ಸೇನೆ ತನ್ನ ಜರ್ಮನ್ ಶೆಪರ್ಡ್‌ಗಳನ್ನು ತಾನೇ ಬೆಳೆಸುತ್ತೆ. ಅಲ್ಲಿ 22 ತಾಯಂದಿರ ಪೆಟ್ಟಿಗೆಯ ಮೇಲೆ ಕ್ಯಾಮೆರಾ ಇಟ್ಟು, ಮೊದಲ ಮೂರು ವಾರ ಅವು ಏನು ಮಾಡ್ತಾವೆ ಅಂತ ನೋಡಿದರು. ಪೆಟ್ಟಿಗೆಯೊಳಗೆ ಎಷ್ಟು ಹೊತ್ತು ಇರುತ್ತೆ, ಮರಿಗಳಿಗೆ ಮೈ ತಾಗಿಸಿ ಎಷ್ಟು ಹೊತ್ತು ಮಲಗುತ್ತೆ, ಎಷ್ಟು ನೆಕ್ಕುತ್ತೆ, ಎಷ್ಟು ಹಾಲೂಡಿಸುತ್ತೆ. ಒಂದೇ ಜಾತಿ, ಒಂದೇ ಕೆನೆಲ್, ಆದರೂ ತಾಯಿಯಿಂದ ತಾಯಿಗೆ ತುಂಬ ವ್ಯತ್ಯಾಸ. ಆ ಮರಿಗಳು ಬೆಳೆದು 18 ತಿಂಗಳಾದಾಗ ಸೇನೆಯ ಸ್ವಭಾವ ಪರೀಕ್ಷೆಗೆ ಬಂದವು, 94 ನಾಯಿಗಳು. ಹೆಚ್ಚು ಆರೈಕೆ ಮಾಡಿದ ತಾಯಿಯ ಮರಿಗಳು ಜನರ ಜೊತೆ, ಸುತ್ತಲಿನ ವಸ್ತುಗಳ ಜೊತೆ ಹೆಚ್ಚು ಬೆರೆತವು. ಆಕ್ರಮಣದ ಅಂಕವೂ ಅವುಗಳಲ್ಲಿ ಹೆಚ್ಚಿತ್ತು ಅನ್ನೋದನ್ನೂ ಹೇಳಬೇಕು, ಸೇನೆಗೆ ಅದು ಬೇಕಾದ ಗುಣವೇ. ಅಂತೂ ತಂದೆ ಕೊಡೋದು ಒಂದು ಸಲ, ತಾಯಿ ಕೊಡ್ತಾನೇ ಇರ್ತಾಳೆ. ಡಿಎನ್ಎ ಪರೀಕ್ಷೆಯಲ್ಲಿ ಈ ಪಾಲು ಬರಲ್ಲ.

ಹುಡುಗಿ: ಆರೈಕೆ ಚೆನ್ನಾಗಿ ಪಡೆದ ಮಗಳು ತಾನೂ ಹಾಗೇ ಆರೈಕೆ ಮಾಡಿದರೆ, ಅದೂ ಒಂದು ಆಸ್ತಿಯೇ ಅಲ್ಲವಾ?

ದೊಡ್ಡಪ್ಪ: ಕೆಲವು ಮನೆಗಳಲ್ಲಿ ನೋಡಿದ್ದೇನೆ. ಒಂದು ಹೆಣ್ಣು ಸುಲಭವಾಗಿ ಮರಿ ಹಾಕುತ್ತೆ, ಮೈಮೇಲೆ ಮಲಗಿ ಮರಿ ಸಾಯಿಸಲ್ಲ, ಅಪರಿಚಿತರು ಬಂದರೆ ಗುರುಗುಟ್ಟಲ್ಲ, ಅದರ ಮಗಳೂ ಹಾಗೇ. ಇನ್ನೊಂದು ಮನೆಯಲ್ಲಿ ತಾಯಿಗೂ ಸಿಸೇರಿಯನ್, ಮಗಳಿಗೂ ಸಿಸೇರಿಯನ್. ಆಪರೇಷನ್ ಮಾಡಿ ಉಳಿಸಿದ ಮರಿಯನ್ನೇ ಮತ್ತೆ ತಳಿಗೆ ಬಳಸಿದರೆ ಆ ತೊಂದರೆಯೂ ಉಳಿದುಕೊಂಡು ಬರುತ್ತೆ. ಹೆಣ್ಣಿನ ಸಾಲನ್ನು ತೂಗುವವರು ಮೊದಲು ನೋಡಬೇಕಾದ್ದು ಇದನ್ನ. ತಲೆಯ ಆಕಾರ, ಬಾಲದ ಜೂಲು ಆಮೇಲೆ.

ಹುಡುಗಿ: ಹಾಗಾದರೆ ಒಳ್ಳೆಯ ತಾಯಿ ಸಿಕ್ಕಿದರೆ ಅವಳ ಸಾಲನ್ನೇ ಹಿಡಿದು ಹೋಗೋದರಲ್ಲಿ ತಪ್ಪೇನು? ಟ್ವೀಡ್‌ಮೌತ್ ಮಾಡಿದ್ದೂ ಅದನ್ನೇ.

ದೊಡ್ಡಪ್ಪ: ಅವನು ನಡುನಡುವೆ ಹೊರಗಿನದನ್ನು ತಂದ ಅನ್ನೋದನ್ನು ಮರೆಯಬೇಡ. ಜಾತಿಯ ನೋಂದಣಿ ಪುಸ್ತಕ ಹೊರಗಿನವಕ್ಕೆ ಮುಚ್ಚಿದ ಮೇಲೆ ನಾವು ಹಾಗೆ ತರಲಾರೆವು. ಒಂದೇ ತಾಯಿಯನ್ನು ನೆಚ್ಚಿದರೆ ಏನಾಗುತ್ತೆ ಅಂತ ನಾರ್ವೆಯ ಲುಂಡೆಹುಂಡ್ ನೋಡಬೇಕು. ಕಾಲಿಗೆ ಆರು ಬೆರಳು ಇರುವ ನಾಯಿ. ವ್ಯಾರೊಯ್ ದ್ವೀಪದ ಬಂಡೆಗಳನ್ನು ಹತ್ತಿ, ಬಿಲದೊಳಗಿನ ಪಫಿನ್ ಹಕ್ಕಿಗಳನ್ನು ಹಿಡಿಯೋಕೆ ಸಾಕಿದ್ದು. ಡಿಸ್ಟೆಂಪರ್ ರೋಗ ಮತ್ತೆ ಮತ್ತೆ ಬಡಿದು, 1963ರ ಹೊತ್ತಿಗೆ ಉಳಿದವು ಆರು ನಾಯಿಗಳು. ಅವುಗಳಲ್ಲಿ ಐದಕ್ಕೆ ತಾಯಿ ಒಂದೇ.

ಹುಡುಗಿ: ಆರರಲ್ಲಿ ಐದು!

ದೊಡ್ಡಪ್ಪ: ಅಷ್ಟರಿಂದ ಜಾತಿಯನ್ನು ಮತ್ತೆ ಎಬ್ಬಿಸಿದರು, ಇವತ್ತು ನೂರಾರು ಇವೆ. ಆ ತಾಯಿ ಇರದಿದ್ದರೆ ಜಾತಿಯೇ ಇರ್ತಿರಲಿಲ್ಲ, ಅದು ನಿಜ. ಆದರೆ ಎಲ್ಲವೂ ಹತ್ತಿರದ ರಕ್ತಸಂಬಂಧಿಗಳು. ಊಟದ ಪ್ರೋಟೀನ್ ಮೈಗೆ ಹತ್ತದೆ ಕರುಳಿನಲ್ಲೇ ಸೋರಿಹೋಗುವ ರೋಗಕ್ಕೆ ಆ ಜಾತಿಯ ಹೆಸರೇ ಅಂಟಿಕೊಂಡಿದೆ. ಸೂಲಿಗೆ ಹುಟ್ಟುವ ಮರಿಗಳೂ ಕಡಿಮೆ. ಈಗ ನಾರ್ವೆಯವರೇ ಅದಕ್ಕೆ ಬುಹುಂಡ್‌ನಂಥ ಬೇರೆ ನಾರ್ಡಿಕ್ ನಾಯಿಗಳನ್ನು ಕೂಡಿಸಿ ಹೊಸ ರಕ್ತ ತರುವ ಯೋಜನೆ ನಡೆಸ್ತಿದ್ದಾರೆ. ಮೂಲತಾಯಿ ಉಳಿಸಿದ ಜಾತಿಯನ್ನು ಈಗ ಮೂಲತಾಯಿಯಿಂದ ಸ್ವಲ್ಪ ದೂರ ಒಯ್ದರೆ ಮಾತ್ರ ಉಳಿವು.

ಹುಡುಗಿ: ನಮ್ಮ ಮುಧೋಳ ನಾಯಿಗೂ ಹೀಗೆ ಒಬ್ಬ ಮೂಲತಾಯಿ ಇದ್ದಾಳಾ?

ದೊಡ್ಡಪ್ಪ: ಹಾಗೆ ಹೆಸರಿಟ್ಟು ತೋರಿಸುವಂಥವಳು ಯಾರೂ ಇಲ್ಲ, ಅದೇ ಅದರ ಭಾಗ್ಯ. ಘೋರ್ಪಡೆ ಅರಸರ ಹೆಸರು ಆ ನಾಯಿಗೆ ಅಂಟಿಕೊಂಡಿದೆ. ಆದರೆ ಜಾತಿಯನ್ನು ಹಿಡಿದಿಟ್ಟದ್ದು ಬಾಗಲಕೋಟೆ ಕಡೆಯ ಹಳ್ಳಿಗಳ ಹಿತ್ತಿಲುಗಳು. ಮೊಲದ ಹಿಂದೆ ಓಡಬಲ್ಲ ಹೆಣ್ಣು ಯಾರ ಮನೆಯಲ್ಲಿದೆಯೋ ಅವರ ಮನೆಯ ಮರಿಗೆ ಬೇಡಿಕೆ. ತಾಯಂದಿರು ನೂರಾರು, ಪುಸ್ತಕ ಇಲ್ಲ. ಗೂಶಗನ್‌ನಲ್ಲಿ ಪುಸ್ತಕ ಇತ್ತು, ತಾಯಂದಿರು ಬೆರಳೆಣಿಕೆ. ಈಗ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಸೇನೆಯೂ ಆ ನಾಯಿಗಳನ್ನು ತೆಗೆದುಕೊಂಡಿದೆ, 2005ರಲ್ಲಿ ಅಂಚೆಚೀಟಿಯೂ ಬಂತು. ಹೆಸರು ಬಂದ ಮೇಲೆ ಎಲ್ಲರೂ ಬಹುಮಾನ ಗೆದ್ದ ಒಂದೆರಡು ನಾಯಿಗಳ ಮರಿಯೇ ಬೇಕು ಅಂತ ಮುಗಿಬೀಳ್ತಾರೆ. ಆಗ ಹಿತ್ತಿಲ ನೂರು ತಾಯಂದಿರು ಕೈಬಿಟ್ಟು ಹೋಗ್ತಾರೆ. ಬರೆದಿಡೋದನ್ನು ಸ್ಕಾಟ್ಲೆಂಡಿನಿಂದ ಕಲಿಯೋಣ, ತಾಯಂದಿರ ಸಂಖ್ಯೆಯನ್ನು ಮುಧೋಳದ್ದೇ ಉಳಿಸಿಕೊಳ್ಳೋಣ.

ಹುಡುಗಿ: ನೀವು ಹೇಳೋದು ಕೇಳಿದರೆ ಫೌಂಡೇಶನ್ ಫೀಮೇಲ್ ಅಂತ ಯಾರೂ ಮೊದಲೇ ಹೇಳಿ ಮಾರೋಕೆ ಆಗೋದೇ ಇಲ್ಲ ಅನ್ನಿಸುತ್ತೆ.

ದೊಡ್ಡಪ್ಪ: ಆಗಲ್ಲ. ಅದು ಮೂರು ತಲೆಮಾರು ಕಳೆದ ಮೇಲೆ ಹಿಂತಿರುಗಿ ನೋಡಿದಾಗ ಸಲ್ಲುವ ಪದವಿ. 1868ರಲ್ಲಿ ಬೆಲ್ ನೀರಿಗಿಳಿಯುವ ಒಂದು ಬೇಟೆನಾಯಿ ಅಷ್ಟೇ. ಮಕ್ಕಳು ಹೇಗೆ ಕೆಲಸ ಮಾಡಿದರು, ಮೊಮ್ಮಕ್ಕಳು ಎಷ್ಟು ಗಟ್ಟಿ ಬಾಳಿದರು ಅನ್ನೋದು ಅವಳಿಗೆ ಆ ಹೆಸರು ತಂದುಕೊಟ್ಟಿತು. ಯಾವಳೋ ಮುತ್ತಜ್ಜಿ ಒಂದು ಕಪ್ ಗೆದ್ದಳು ಅಂದರೆ ಒಂದು ದಿನ, ಒಬ್ಬ ತೀರ್ಪುಗಾರನಿಗೆ ಅವಳು ಮೆಚ್ಚುಗೆಯಾದಳು ಅಂತ. ನಾನು ಕೇಳೋದು ಬೇರೆ. ಅವಳ ಹೆಣ್ಣುಮಕ್ಕಳು ಎಷ್ಟು, ಯಾವ ವಯಸ್ಸಿಗೆ ಯಾವುದರಿಂದ ಸತ್ತವು, ಸೊಂಟ ಹೇಗಿತ್ತು, ಕಣ್ಣು ಹೇಗಿತ್ತು. ಗೋಲ್ಡನ್‌ಗಳಲ್ಲಿ ಕ್ಯಾನ್ಸರ್ ಎಷ್ಟು ಅಂದರೆ, ಅಮೆರಿಕದ ಮಾರಿಸ್ ಅನಿಮಲ್ ಫೌಂಡೇಶನ್ 2012ರಿಂದ ಮೂರು ಸಾವಿರಕ್ಕೂ ಹೆಚ್ಚು ಗೋಲ್ಡನ್‌ಗಳನ್ನು ಎಳೆವಯಸ್ಸಿನಿಂದ ಸಾಯೋವರೆಗೆ ಗಮನಿಸುವ ಅಧ್ಯಯನವನ್ನೇ ಶುರುಮಾಡಿತು. ಅಂಥ ಜಾತಿಯಲ್ಲಿ ದೀರ್ಘಾಯುಷಿ ಅಜ್ಜಿ ಕಪ್‌ಗಿಂತ ದೊಡ್ಡದು.

ಹುಡುಗಿ: ಹಾಗಾದರೆ ನಾನೇನು ಮಾಡಲಿ? ಮರಿ ತೆಗೆಸಲಾ, ಬೇಡವಾ?

ದೊಡ್ಡಪ್ಪ: ಎರಡು ವರ್ಷ ಆಯಿತು ಅಂದೆಯಲ್ಲ, ಸೊಂಟ ಮತ್ತು ಮೊಣಕೈಯ ಎಕ್ಸ್‌ರೇಗೆ ಈಗ ಸರಿಯಾದ ವಯಸ್ಸು. ಹೃದಯ, ಕಣ್ಣು ನೋಡಿಸು. ಆ ನರದ ರೋಗಕ್ಕೆ, ಕುರುಡು ತರುವ ಕಣ್ಣಿನ ರೋಗಗಳಿಗೆ ಡಿಎನ್ಎ ಪರೀಕ್ಷೆಗಳಿವೆ. ಎಲ್ಲ ಚೆನ್ನಾಗಿ ಬಂದರೆ ಆ ಬ್ರೀಡರ್ ತೋರಿಸುವ ಗಂಡು ಇದೇ ಮುತ್ತಜ್ಜಿಯ ಮೊಮ್ಮಗ ಅಲ್ಲ ತಾನೇ ಅಂತ ನೋಡು. ಇನ್ನು ಕೊನೆಯದೊಂದು ಪ್ರಶ್ನೆ ಇದೆ. ಅವಳ ಮಗಳನ್ನು ಉಳಿಸಿಕೊಳ್ಳೋಕೆ ನಿನ್ನ ಮನೆಯಲ್ಲಿ ಜಾಗ ಇದೆಯಾ?

ಹುಡುಗಿ: ಎರಡು ಬೆಡ್‌ರೂಮ್ ಫ್ಲ್ಯಾಟು, ದೊಡ್ಡಪ್ಪ. ಒಂದು ನಾಯಿಗೇ ಅಸೋಸಿಯೇಷನ್‌ನವರ ಗೊಣಗಾಟ.

ದೊಡ್ಡಪ್ಪ: ಹಾಗಾದರೆ ಎಂಟು ಮರಿಗಳೂ ಎಂಟು ಕಡೆ ಹೋಗ್ತಾವೆ. ಯಾವುದು ಹೇಗೆ ಬೆಳೆಯಿತು ಅಂತ ನಿನಗೆ ಗೊತ್ತಾಗಲ್ಲ, ಯಾರೂ ಬರೆದಿಡಲ್ಲ. ಅದು ಸಾಲು ಬೆಳೆಸಿದ ಹಾಗಲ್ಲ, ಚದುರಿಸಿದ ಹಾಗೆ. ಮಾಡಬಾರದು ಅಂತಲ್ಲ, ಆದರೆ ರಕ್ತ ಉಳಿಸ್ತಿದ್ದೀನಿ ಅನ್ನೋ ಭ್ರಮೆ ಬೇಡ.

ಹುಡುಗಿ: ಮರಿ ತೆಗೆಸದಿದ್ದರೆ ಇವಳ ಲೆಕ್ಕ ಇಲ್ಲಿಗೇ ಮುಗಿಯಿತಾ? ಸ್ವಲ್ಪ ಬೇಜಾರಾಗುತ್ತೆ.

ದೊಡ್ಡಪ್ಪ: ಮುಗಿಯಲ್ಲ. ಅವಳ ತಾಯಿ ಇನ್ನೂ ಇದ್ದಾಳಲ್ಲ, ಅಕ್ಕತಂಗಿಯರೂ ಇರಬೇಕು. ಸೊಂಟದ ತೊಂದರೆಯಂಥದ್ದು ಒಂದೇ ಜೀನ್‌ನಿಂದ ಬರೋದಲ್ಲ. ಹಾಗಾಗಿ ಒಂದು ಹೆಣ್ಣನ್ನು ತಳಿಗೆ ಬಳಸಬಹುದಾ ಅಂತ ನಿರ್ಧರಿಸೋಕೆ ಅವಳೊಬ್ಬಳ ಎಕ್ಸ್‌ರೇ ಸಾಲದು, ಅವಳ ಮರಿಗಳ, ಒಡಹುಟ್ಟಿದವರ ಎಕ್ಸ್‌ರೇ ಬೇಕು. ಸಾಕುನಾಯಿ ಅಂತ ಮನೆಯಲ್ಲಿ ಉಳಿದವುಗಳ ವರದಿ ಯಾರೂ ಕಳಿಸಲ್ಲ, ಅದೇ ದೊಡ್ಡ ಕೊರತೆ. ನಿನ್ನ ನಾಯಿ ಮರಿ ಹಾಕದೇನೇ ತನ್ನ ತಾಯಿಯ ಬಗ್ಗೆ ಸಾಕ್ಷಿ ಹೇಳಬಲ್ಲಳು.

ಹುಡುಗಿ: ಸರಿ. ಮುಂದಿನ ವಾರ ಎಕ್ಸ್‌ರೇ ಮಾಡಿಸ್ತೀನಿ. ಇವಳನ್ನು ಎಲ್ಲಿಂದ ತಂದೆವೋ ಆ ಮನೆಯವರಿಗೆ ವರದಿ ಕಳಿಸ್ತೀನಿ, ಅವರು ಕೇಳದೇ ಇದ್ದರೂ.

ದೊಡ್ಡಪ್ಪ: ಕೆಟ್ಟದ್ದು ಬಂದರೆ?

ಹುಡುಗಿ: ಕೆಟ್ಟದ್ದು ಬಂದರೆ ಅದೇ ದಿನ ಕಳಿಸ್ತೀನಿ. ಅವಳ ತಾಯಿಗೆ ಮುಂದಿನ ಬೆದೆ ಬರೋದರೊಳಗೆ ಅವರ ಕೈಗೆ ಸೇರಬೇಕಲ್ಲ.